ಹನ್ನೊಂದು ನಿಮಿಷ ಮುಂದಿದ್ದ ಡಿ.ವಿ.ಆರ್.

ದಾವಣಗೆರೆಯಲ್ಲಿ ತನಿಖಾಧಿಕಾರಿಯಾಗಿ ನಾನು ಮೊದಲ ಬಾರಿಗೆ ಸಿ.ಸಿ. ಟಿ.ವಿ. ದೃಶ್ಯವನ್ನು ಸಾಕ್ಷ್ಯವಾಗಿ ಕೊಟ್ಟ ಕಳವು ಪ್ರಕರಣದಲ್ಲಿ, ಅಂಗಡಿಯವರು ನಕಲು ಮಾಡಿಕೊಟ್ಟ ಸಿ.ಡಿ.ಯನ್ನು ಹಾಗೆಯೇ ದೋಷಾರೋಪಣ ಪಟ್ಟಿಗೆ ಲಗತ್ತಿಸಿದ್ದೆ. ಇಂತಹ ನಕಲಿಗೆ, ಅದು ಹೇಗೆ ತಯಾರಾಯಿತೆಂದು ದೃಢೀಕರಿಸುವ, ಆಗಿನ ಸಾಕ್ಷ್ಯ ಕಾಯ್ದೆಯ 65ಬಿ ಕಲಮಿನ ಪ್ರಮಾಣಪತ್ರ ಬೇಕೇ ಬೇಕೆಂದು ಸುಪ್ರೀಂ ಕೋರ್ಟ್ 2014ರ ಅನ್ವರ್ ಪ್ರಕರಣದಲ್ಲಿ ಹೇಳಿತ್ತು. 2020ರಲ್ಲಿ ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ ಅದನ್ನೇ ಎತ್ತಿಹಿಡಿಯಿತು. ನಾನು ಪ್ರಮಾಣಪತ್ರ ಪಡೆದಿರಲಿಲ್ಲ. ಆರೋಪಿಯ ಮುಖ ನಿಚ್ಚಳವಾಗಿದ್ದ ದೃಶ್ಯ ಲೆಕ್ಕಕ್ಕೇ ಬರಲಿಲ್ಲ. "ಎಲ್ಲಾ ಕಾಣ್ತಿತ್ತಲ್ಲ ಸಾರ್" ಎಂದು ದೂರುದಾರರು ಕೋರ್ಟಿನ ಮೆಟ್ಟಿಲ ಮೇಲೆ ಕೇಳಿದ್ದು ಇಂದಿಗೂ ನನ್ನನ್ನು ಬಾಧಿಸುತ್ತದೆ.

2024ರ ಜುಲೈ 1ರಿಂದ ಹೊಸ ಕಾನೂನುಗಳು ಜಾರಿಗೆ ಬಂದ ಮೇಲೆ ಮಂಡಿಪೇಟೆಯ ಅಂಗಡಿಯೊಂದರ ಕಳವಿನ ತನಿಖೆ ನನ್ನ ಪಾಲಿಗೆ ಬಂತು. ಕ್ಯಾಮೆರಾ ದೃಶ್ಯಗಳನ್ನು ದಾಖಲಿಸುವ ಯಂತ್ರವಾದ ಡಿ.ವಿ.ಆರ್.ನ ಹಾರ್ಡ್ ಡಿಸ್ಕ್ ತುಂಬಿದಂತೆ ಹಳೆಯ ದೃಶ್ಯದ ಮೇಲೆಯೇ ಹೊಸದು ದಾಖಲಾಗುವುದರಿಂದ ಅಂದೇ ಪಂಚರೊಂದಿಗೆ ಹೋದೆ. ಮೊದಲು ನೋಡಿದ್ದು ಗಡಿಯಾರವನ್ನು. ಡಿ.ವಿ.ಆರ್. ಪರದೆಯ ಸಮಯವನ್ನೂ ನನ್ನ ಮೊಬೈಲಿನ ಸಮಯವನ್ನೂ ಅಕ್ಕಪಕ್ಕ ಇಟ್ಟು ಪಂಚರಿಗೆ ತೋರಿಸಿದಾಗ, ಡಿ.ವಿ.ಆರ್. 11 ನಿಮಿಷ ಮುಂದಿತ್ತು. ಈ ವ್ಯತ್ಯಾಸವನ್ನು ಮಹಜರಿನಲ್ಲಿ ಒಂದು ಪ್ರತ್ಯೇಕ ಸಾಲಾಗಿ ಬರೆಸಿದೆ.

ಡಿ.ವಿ.ಆರ್. ಅನ್ನೇ ಅಮಾನತುಪಡಿಸಿದರೆ ಅಂಗಡಿ ಕ್ಯಾಮೆರಾ ಕಣ್ಗಾವಲಿಲ್ಲದೆ ಉಳಿಯುತ್ತದೆ. ಅದಕ್ಕಾಗಿ ಬೇಕಾದ ಭಾಗವನ್ನು ಹೊಸ ಪೆನ್‌ಡ್ರೈವ್‌ಗೆ ನಕಲು ಮಾಡಿಸಿ, ಅಲ್ಲಿಯೇ ಅದರ ಎಸ್‌ಎಚ್‌ಎ-256 ಹ್ಯಾಷ್, ಅಂದರೆ ಕಡತದ ಬೆರಳಚ್ಚಿನಂತಹ ಸಂಕೇತ, ತೆಗೆಸಿದೆ. ಕಡತದಲ್ಲಿ ಒಂದೇ ಒಂದು ಬಿಟ್ ಬದಲಾದರೂ ಆ 64 ಅಕ್ಷರಗಳ ಸಾಲು ಪೂರ್ತಿ ಬೇರೆಯಾಗುತ್ತದೆ. ಪಂಚರಲ್ಲೊಬ್ಬರು ಅಕ್ಷರಗಳನ್ನು ಓದುತ್ತಾ ಹೋದರು, ಇನ್ನೊಬ್ಬರು ಮಹಜರಿನೊಂದಿಗೆ ತಾಳೆ ನೋಡಿದರು. ಹಳೆಯ 65ಬಿ ಬದಲಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರಕ್ಕೆ ಈಗ ಎರಡು ಭಾಗಗಳಿವೆ: ಮೊದಲನೆಯದಕ್ಕೆ ಅಂಗಡಿಯ ಮಾಲೀಕರ, ಎರಡನೆಯದಕ್ಕೆ ತಜ್ಞರ ಸಹಿ ಪಡೆದೆ, ಎರಡರಲ್ಲಿಯೂ ಅದೇ ಹ್ಯಾಷ್ ಇರುವಂತೆ ನೋಡಿಕೊಂಡೆ. ಜಪ್ತಿಯನ್ನು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮಿನಂತೆ ಮೊಬೈಲಿನಲ್ಲಿ ಚಿತ್ರೀಕರಿಸಿ ಮ್ಯಾಜಿಸ್ಟ್ರೇಟರಿಗೆ ಕಳುಹಿಸಿದೆ.

ಪಾಟೀಸವಾಲಿನಲ್ಲಿ ಆರೋಪಿ ಪರ ವಕೀಲರು ಹಿಡಿದದ್ದು ಸಮಯವನ್ನೇ. ದೃಶ್ಯದಲ್ಲಿ ಆರೋಪಿ ಅಂಗಡಿಯೊಳಗಿದ್ದದ್ದು ರಾತ್ರಿ 9.52ಕ್ಕೆ, ಮೊಬೈಲ್ ಕರೆ ವಿವರದ ಪ್ರಕಾರ ಆ ಹೊತ್ತಿಗಾಗಲೇ ಆತನ ಫೋನ್ ಬೇರೆ ಟವರಿನ ವ್ಯಾಪ್ತಿಗೆ ಹೋಗಿತ್ತು. ಮಹಜರಿನ ಆ ಒಂದು ಸಾಲನ್ನು ತೋರಿಸಿ, ನಿಜವಾದ ಸಮಯ 9.41 ಎಂದು ವಿವರಿಸಿದೆ. 9.41ಕ್ಕೆ ಫೋನ್ ಮಂಡಿಪೇಟೆಯ ಟವರಿನಲ್ಲಿಯೇ ಇತ್ತು. ವಕೀಲರು ಮುಂದಿನ ಪ್ರಶ್ನೆಗೆ ಹೋದರು.