ಚೆಲುವು, ಒಲವು, ದೈವೀಕರಣ: ಬೈಜಾಂಟಿಯಮ್ಮಿನ ಚಿಂತಕರನ್ನು ಓದುವ ಬಗೆ

ದೈವೀಕರಣ, ಅಂದರೆ ಮನುಷ್ಯ ದೇವರಂತಾಗುವುದು, ಎಂಬ ಪದದಿಂದ ಓದು ಆರಂಭಿಸಬೇಡಿ. ಹಾಗೆ ಆರಂಭಿಸಿ ನಾನು ಸುಮಾರು ಒಂದು ವರ್ಷ ಕಳೆದುಕೊಂಡೆ. ಮೂವತ್ತು ವರ್ಷ ಕರಡು ತಿದ್ದುವ ಕೆಲಸ ಮಾಡಿದವಳು ನಾನು. ಯಾವ ಪುಟ ಕಂಡರೂ ಕಣ್ಣು ಮೊದಲು ಹೋಗುವುದು ನಾಮಪದಗಳ ಕಡೆಗೆ. ಹೆಸರು ಸರಿಯಿದೆಯೇ, ಪರಿಭಾಷೆ ಒಂದೇ ತೆರನಾಗಿದೆಯೇ ಎಂದು. ಬೈಜಾಂಟಿಯಮ್ಮಿನ, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದ, ಗ್ರೀಕ್ ಕ್ರೈಸ್ತ ಚಿಂತಕರನ್ನು ಓದಲು ಕುಳಿತಾಗಲೂ ಅದೇ ಅಭ್ಯಾಸ ಕೈಹಿಡಿದಿತ್ತು. ಗೆರೆ ಹಾಕಿದ ಒಂದು ದಪ್ಪ ಪುಸ್ತಕದಲ್ಲಿ ದೈವೀಕರಣದ ಗ್ರೀಕ್ ಪದವಾದ ‘ಥಿಯೋಸಿಸ್’ ಎಂದು ತಲೆಬರಹ ಬರೆದು ವ್ಯಾಖ್ಯೆಗಳನ್ನು ಕಲೆಹಾಕಿದೆ. ಎರಡನೆಯ ಶತಮಾನದ ಐರೇನಿಯಸ್ ಹೇಳುವುದು: ದೇವರ ವಾಕ್ಯವು, ಅಂದರೆ ಕ್ರಿಸ್ತನು, ನಾವಿರುವಂತೆ ಆದದ್ದು ನಮ್ಮನ್ನು ತಾನಿರುವಂತೆ ಮಾಡುವುದಕ್ಕೆ. ನಾಲ್ಕನೆಯ ಶತಮಾನದ ಅಲೆಕ್ಸಾಂಡ್ರಿಯದ ಅಥನಾಸಿಯಸ್ ಹೇಳುವುದು: ನಾವು ದೈವವಾಗಲೆಂದು ಅವನು ಮನುಷ್ಯನಾದನು. ‘ನೀವು ದೇವರುಗಳು’ ಎನ್ನುವ 82ನೆಯ ಕೀರ್ತನೆಯ ಸಾಲು, ‘ದೈವಸ್ವಭಾವದಲ್ಲಿ ಪಾಲುಗಾರರು’ ಎನ್ನುವ ಪೇತ್ರನ ಎರಡನೆಯ ಪತ್ರದ ಮಾತು, ಎಲ್ಲವೂ ಅಲ್ಲಿಗೆ ಬಂದವು. ಹನ್ನೆರಡು ಪುಟ ತುಂಬಿತು. ಒಂದು ಸಾಲೂ ನನ್ನೊಳಗೆ ಇಳಿಯಲಿಲ್ಲ.

ಏಕೆಂದು ಆಮೇಲೆ ತಿಳಿಯಿತು. ಈ ಚಿಂತಕರಿಗೆ ದೈವೀಕರಣವೆಂಬುದು ಒಂದು ದೀರ್ಘ ನಡಿಗೆಯಲ್ಲಿ ನಡೆಯುವವನಿಗೆ ಆಗುವ ಸಂಗತಿ. ಅವನನ್ನು ಮನೆಯಿಂದ ಎಬ್ಬಿಸುವುದು ಚೆಲುವು, ದಾರಿ ನಡೆಸುವುದು ಒಲವು. ಎದ್ದೇ ಇಲ್ಲದವಳು ಕೊನೆಯ ಪದದ ಅರ್ಥ ಹುಡುಕುತ್ತಾ ಕುಳಿತಿದ್ದೆ.

ಆದ್ದರಿಂದ ನನ್ನ ಸಲಹೆ: ನಡುವಿನಿಂದ ಆರಂಭಿಸಿ. ಡಯೋನೀಸಿಯಸ್ ಎಂಬ ಹೆಸರಿನಲ್ಲಿ ಬಂದಿರುವ ‘ದೈವನಾಮಗಳು’ ಗ್ರಂಥದ ನಾಲ್ಕನೆಯ ಅಧ್ಯಾಯವನ್ನು ತೆರೆಯಿರಿ. ಲೇಖಕ ತನ್ನನ್ನು ಬೈಬಲಿನ ಅಪೊಸ್ತಲರ ಕೃತ್ಯಗಳಲ್ಲಿ ಬರುವ, ಅಥೆನ್ಸಿನಲ್ಲಿ ಅಪೊಸ್ತಲ ಪೌಲನ ಮಾತು ಕೇಳಿ ನಂಬಿದ, ಅರಿಯೋಪಾಗ ಎಂಬ ನ್ಯಾಯಸಭೆಯ ಡಯೋನೀಸಿಯಸನೆಂದು ಕರೆದುಕೊಳ್ಳುತ್ತಾನೆ. ಆದರೆ ಅವನ ವಾಕ್ಯಗಳಲ್ಲಿ 485ರಲ್ಲಿ ತೀರಿಕೊಂಡ ತತ್ತ್ವಜ್ಞಾನಿ ಪ್ರೋಕ್ಲಸನ ನೆರಳು ಸ್ಪಷ್ಟವಾಗಿದೆ. 1895ರಲ್ಲಿ ಕೋಖ್ ಮತ್ತು ಸ್ಟಿಗ್ಲ್‌ಮಾಯರ್ ಎಂಬ ಇಬ್ಬರು ವಿದ್ವಾಂಸರು, ಪ್ರತ್ಯೇಕವಾಗಿ, ಇದನ್ನು ತೋರಿಸಿಕೊಟ್ಟರು. ಹಾಗಾಗಿ ಅವನು ಐದನೆಯ ಶತಮಾನದ ಕೊನೆಯವನು ಅಥವಾ ಆರನೆಯ ಶತಮಾನದ ಆರಂಭದವನು. ಹೆಸರಿನ ವಿವಾದದಲ್ಲಿ ಇದಕ್ಕಿಂತ ಹೆಚ್ಚು ಹೊತ್ತು ನಿಲ್ಲಬೇಡಿ.

ಕೈಯಲ್ಲಿ ಪೆನ್ಸಿಲ್ ಇರಲಿ. ಕ್ರಿಯಾಪದಗಳಿಗೆ ಮಾತ್ರ ಗೆರೆ ಎಳೆಯಿರಿ. ಈ ಒಂದು ಉಪಾಯಕ್ಕಾಗಿಯೇ ನಾನು ಇದನ್ನೆಲ್ಲ ಬರೆಯುತ್ತಿದ್ದೇನೆ. ನಾಮಪದಗಳು ಅವನಲ್ಲಿ ಗುಡ್ಡೆಗುಡ್ಡೆಯಾಗಿ ಬಿದ್ದಿರುತ್ತವೆ; ಅವುಗಳನ್ನು ಎತ್ತಿ ನೋಡಲು ಹೊರಟರೆ ದಣಿವಾಗುತ್ತದೆ. ಕ್ರಿಯಾಪದಗಳನ್ನು ಹಿಡಿದರೆ ಯಾರು ಏನು ಮಾಡುತ್ತಿದ್ದಾರೆ ಎಂಬುದು ಕಾಣುತ್ತದೆ. ಏಳನೆಯ ಖಂಡದಲ್ಲಿ ಚೆಲುವಿನ ಮಾತು ಬರುತ್ತದೆ. ಗ್ರೀಕಿನಲ್ಲಿ ಚೆಲುವು ಕಾಲ್ಲೋಸ್, ಕರೆಯುವುದು ಕಲೇಓ. ಎಲ್ಲವನ್ನೂ ತನ್ನತ್ತ ಕರೆಯುವುದರಿಂದ ಅದಕ್ಕೆ ಕಾಲ್ಲೋಸ್ ಎಂದು ಹೆಸರು ಎನ್ನುತ್ತಾನೆ. ಭಾಷಾಶಾಸ್ತ್ರದ ಲೆಕ್ಕದಲ್ಲಿ ಈ ವ್ಯುತ್ಪತ್ತಿ ನಿಲ್ಲುವುದಿಲ್ಲ. ಪ್ಲೇಟೋನ ಕ್ರಾಟಿಲಸ್ ಸಂವಾದದಿಂದಲೇ ಬಂದ ಹಳೆಯ ಶಬ್ದಚಮತ್ಕಾರ ಅದು. ಆದರೂ ಅದರಲ್ಲಿ ಇಡೀ ತತ್ತ್ವ ಅಡಗಿದೆ: ಚೆಲುವು ಸುಮ್ಮನೆ ನಿಂತು ನೋಡಿಸಿಕೊಳ್ಳುವ ವಸ್ತುವಲ್ಲ, ಅದು ದನಿಯುಳ್ಳದ್ದು. ಕನ್ನಡದಲ್ಲಿ ನಾನು ಚೆಲುವು, ಸೆಳೆತ ಎಂಬ ಎರಡು ಪದಗಳನ್ನು ಅಕ್ಕಪಕ್ಕ ಬರೆದಿಟ್ಟುಕೊಂಡೆ. ಆ ಪುಟದ ಅಂಚಿನಲ್ಲಿ ಅವು ಇಂದಿಗೂ ಇವೆ.

ಇಲ್ಲಿ ಸ್ವಲ್ಪ ನಿಂತು ಆದಿಕಾಂಡದ ಮೊದಲ ಅಧ್ಯಾಯವನ್ನು ಓದಿಕೊಂಡು ಬನ್ನಿ. ಸೃಷ್ಟಿಯ ಒಂದೊಂದು ಘಟ್ಟದಲ್ಲೂ ದೇವರು ಅದು ‘ಒಳ್ಳೆಯದು’ ಎಂದು ಕಂಡನು ಎಂದು ನಾವು ಓದುತ್ತೇವೆ. ಈ ಚಿಂತಕರ ಕೈಯಲ್ಲಿದ್ದ ಗ್ರೀಕ್ ಬೈಬಲಿನಲ್ಲಿ ಆ ಪದ ‘ಕಲೋನ್’. ಒಳ್ಳೆಯದು ಎಂದೂ ಹೌದು, ಚೆಲುವಾದದ್ದು ಎಂದೂ ಹೌದು. ನಾಲ್ಕನೆಯ ಶತಮಾನದ ಬಿಷಪ್ ಬೆಸಿಲ್ ಆರು ದಿನಗಳ ಸೃಷ್ಟಿಯ ಬಗ್ಗೆ ಕೊಟ್ಟ ಪ್ರವಚನಗಳಲ್ಲಿ ಈ ಪದದ ಮೇಲೆ ನಿಂತು, ದೇವರು ಕಂಡ ಚೆಲುವು ಯಾವ ಬಗೆಯದು ಎಂದು ಕೇಳುತ್ತಾನೆ. ಬೆಳಕಿನಂಥ ಸರಳ ವಸ್ತುವಿನಲ್ಲಿ ಅಂಗಾಂಗಗಳ ಹೊಂದಾಣಿಕೆಯೆಂಬುದು ಎಲ್ಲಿದೆ? ಚೆಲುವೆಂದರೆ ಅಳತೆಯ ಹೊಂದಾಣಿಕೆ ಎಂಬ ಮತವನ್ನು ಮೂರನೆಯ ಶತಮಾನದಲ್ಲಿ ತತ್ತ್ವಜ್ಞಾನಿ ಪ್ಲೋಟಿನಸ್ ಪ್ರಶ್ನಿಸಿದ್ದ. ಆ ಪ್ರಶ್ನೆ ಇಲ್ಲಿ ಮುಂದುವರಿಯುತ್ತದೆ. ಕರಡು ತಿದ್ದುವವಳ ಕಿವಿಗೆ ಒಂದು ಪದ ಎರಡು ಅರ್ಥ ಕೊಟ್ಟರೆ ದೋಷವೆಂದು ಕೇಳಿಸುತ್ತದೆ. ಇಲ್ಲಿ ಅದನ್ನು ತಿದ್ದಬಾರದೆಂದು ಕಲಿತೆ.

ಮುಂದೆ ಹನ್ನೊಂದು ಮತ್ತು ಹನ್ನೆರಡನೆಯ ಖಂಡಗಳಲ್ಲಿ ಬಹಳ ಜನ ಎಡವುತ್ತಾರೆ. ಅಗಾಪೆ ಎಂದರೆ ಕ್ರೈಸ್ತರ ನಿಸ್ವಾರ್ಥ ಪ್ರೀತಿ, ಎರೋಸ್ ಎಂದರೆ ಗ್ರೀಕರ ಬಯಕೆ, ಎರಡೂ ಶತ್ರುಗಳು ಎಂದು ಎಲ್ಲೋ ಓದಿಕೊಂಡು ಬಂದಿದ್ದರೆ ಅದನ್ನು ಬಾಗಿಲಲ್ಲೇ ಬಿಡಿ. ಡಯೋನೀಸಿಯಸ್ ಆ ಭೇದವನ್ನು ಒಪ್ಪುವುದಿಲ್ಲ; ಎರೋಸ್ ಎಂಬ ಹೆಸರಿಗೆ ಬೆದರುವವರನ್ನು ಅವನು ನೇರವಾಗಿಯೇ ತರಾಟೆಗೆ ತೆಗೆದುಕೊಳ್ಳುತ್ತಾನೆ. ‘ನನ್ನ ಎರೋಸ್ ಶಿಲುಬೆಗೇರಿದೆ’ ಎಂಬ ಹುತಾತ್ಮ ಬಿಷಪ್ ಇಗ್ನೇಷಿಯಸನ ಮಾತನ್ನು ಸಾಕ್ಷಿಗೆ ತರುತ್ತಾನೆ. ಡಯೋನೀಸಿಯಸನಿಗಿಂತ ಮುನ್ನ, ಮೂರನೆಯ ಶತಮಾನದ ಒರಿಜೆನ್, ಬೈಬಲಿನ ಪ್ರೇಮಕಾವ್ಯವಾದ ಪರಮಗೀತದ ವ್ಯಾಖ್ಯಾನದ ಮುನ್ನುಡಿಯಲ್ಲಿ ಇದೇ ಸಾಕ್ಷಿಯನ್ನು ಕರೆದಿದ್ದ. ಬೆಸಿಲನ ತಮ್ಮ, ನಿಸ್ಸದ ಗ್ರೆಗರಿಯಂತೂ ಪರಮಗೀತದ ಮೇಲಿನ ತನ್ನ ಹದಿನೈದು ಪ್ರವಚನಗಳಲ್ಲಿ, ತೀವ್ರವಾದ ಅಗಾಪೆಗೇ ಎರೋಸ್ ಎಂದು ಹೆಸರು ಎಂದುಬಿಟ್ಟಿದ್ದಾನೆ. ಒರಿಜೆನನ ಮುನ್ನುಡಿಯ ಒಂದು ಎಚ್ಚರಿಕೆಯೂ ನಿಮಗೆ ಉಪಯೋಗಕ್ಕೆ ಬಂದೀತು. ಸೊಲೊಮೋನನ ಮೂರು ಪುಸ್ತಕಗಳಲ್ಲಿ ಜ್ಞಾನೋಕ್ತಿಗಳು ನಡತೆಯನ್ನು ತಿದ್ದುತ್ತವೆ, ಪ್ರಸಂಗಿ ಲೋಕದ ವಸ್ತುಗಳ ಸ್ವಭಾವವನ್ನು ತಿಳಿಸುತ್ತದೆ, ಆಮೇಲಷ್ಟೇ ಪರಮಗೀತಕ್ಕೆ ಬರಬೇಕು.

ಈಗ ಹದಿಮೂರನೆಯ ಖಂಡ. ಅದಕ್ಕೆ ಒಂದು ವಾರ ಕೊಡಿ. ದಿನವೂ ಗಟ್ಟಿಯಾಗಿ ಓದಿ. ಜೊತೆಗೆ ಇನ್ನೊಬ್ಬರಿದ್ದರೆ ಇನ್ನೂ ಒಳ್ಳೆಯದು. ಒಲವು ಒಲಿದವರನ್ನು ಅವರವರ ಸ್ವತ್ತಾಗಿ ಉಳಿಯಗೊಡುವುದಿಲ್ಲ, ಒಲಿಸಿಕೊಂಡವರ ಸ್ವತ್ತಾಗಿಸುತ್ತದೆ ಎಂದು ಖಂಡ ಆರಂಭವಾಗುತ್ತದೆ. ಗಲಾತ್ಯದವರಿಗೆ ಪೌಲ ಬರೆದ ‘ಇನ್ನು ಜೀವಿಸುವವನು ನಾನಲ್ಲ, ಕ್ರಿಸ್ತನೇ ನನ್ನಲ್ಲಿ ಜೀವಿಸುತ್ತಾನೆ’ ಎಂಬ ಮಾತನ್ನು ಅವನು ಪ್ರೇಮಿಯ ಮಾತಾಗಿ ಓದುತ್ತಾನೆ. ಇಷ್ಟರವರೆಗೆ ಓದುಗರು ನಿರೀಕ್ಷಿಸಿದಂತೆಯೇ ಇದೆ. ಆಮೇಲಿನ ವಾಕ್ಯದಲ್ಲಿ ಕರ್ತೃಪದ ಬದಲಾಗುತ್ತದೆ. ತನ್ನಿಂದ ತಾನು ಹೊರಬರುವವನು ದೇವರೇ. ಎಲ್ಲಕ್ಕೂ ಆಚೆ ಇರುವವನು, ಅಲ್ಲಿಂದ ಕದಲದೆಯೇ, ಇರುವ ಪ್ರತಿಯೊಂದರ ಬಳಿಗೂ ಬರುತ್ತಾನೆ. ಅಲ್ಲಿ ‘ಥೆಲ್ಗೆತಾಯ್’ ಎಂಬ ಕ್ರಿಯಾಪದವಿದೆ: ಮೋಡಿಗೊಳಗಾಗುತ್ತಾನೆ, ಮರುಳಾಗುತ್ತಾನೆ. ಒಳ್ಳೆಯತನಕ್ಕೆ, ಪ್ರೀತಿಗೆ, ಒಲವಿಗೆ ದೇವರು ಮರುಳಾದಂತೆ ಎಂದು ಅವನು ಬರೆದಿದ್ದಾನೆ. ಮೊದಲ ಸಲ ಓದಿದಾಗ ಅನುವಾದದಲ್ಲಿ ತಪ್ಪಿದೆಯೆಂದುಕೊಂಡೆ. ನಿಘಂಟು ತೆಗೆದು ನೋಡಿದೆ, ಅನುವಾದಕರದು ತಪ್ಪಿರಲಿಲ್ಲ. ಆ ಸಂಜೆ ಮುಂದಿನ ಪುಟಕ್ಕೆ ಹೋಗಲು ನನ್ನಿಂದ ಆಗಲಿಲ್ಲ.

ಈ ಬದಲಾವಣೆಯ ತೂಕ ತಿಳಿಯಬೇಕಾದರೆ ಪ್ಲೇಟೋನ ‘ಸಿಂಪೋಸಿಯಂ’ನಲ್ಲಿ ಡಿಯೋಟಿಮಾ ಎಂಬ ಜ್ಞಾನಿಯ ಭಾಷಣವನ್ನು ಪಕ್ಕದಲ್ಲಿಟ್ಟುಕೊಳ್ಳಿ. ಅಲ್ಲಿ ಎರೋಸ್ ಬಡತನದ ಮಗ. ಇಲ್ಲದ್ದನ್ನು ಬಯಸುವವನು, ಆದ್ದರಿಂದ ದೇವರಲ್ಲ. ಒಂದು ದೇಹದ ಚೆಲುವಿನಿಂದ ಎಲ್ಲ ದೇಹಗಳಿಗೆ, ಅಲ್ಲಿಂದ ಆತ್ಮಗಳಿಗೆ, ಜ್ಞಾನಕ್ಕೆ, ಕೊನೆಗೆ ಚೆಲುವೆಂಬುದಕ್ಕೇ ಮನುಷ್ಯ ಏರುತ್ತಾನೆ. ತುದಿಯಲ್ಲಿರುವ ಚೆಲುವು ಮಾತ್ರ ಇಳಿಯುವುದಿಲ್ಲ. ಮೇಲಿನಿಂದ ಕೆಳಗೆ ಹರಿಯುವ ಎರೋಸಿನ ಮಾತು ಪ್ರೋಕ್ಲಸನಲ್ಲೂ ಇದೆ ಎಂಬುದನ್ನು ನ್ಯಾಯವಾಗಿ ಹೇಳಬೇಕು. ಆದರೆ ಡಯೋನೀಸಿಯಸನಲ್ಲಿ ಎಲ್ಲಕ್ಕೂ ಮೂಲವಾದವನೇ ಬಾಗಿಲು ತೆರೆದು ಹೊರಗೆ ಬರುತ್ತಾನೆ.

ಇಷ್ಟಾದ ಮೇಲೆ ನಿಸ್ಸದ ಗ್ರೆಗರಿಯ ‘ಮೋಶೆಯ ಜೀವನ’. ವಿಮೋಚನಕಾಂಡದ ಮೂವತ್ತಮೂರನೆಯ ಅಧ್ಯಾಯದಲ್ಲಿ ಮೋಶೆ ದೇವರ ಮಹಿಮೆಯನ್ನು ತೋರಿಸೆಂದು ಬೇಡುತ್ತಾನೆ. ಮುಖ ಕಾಣಲಾರೆ, ಬೆನ್ನು ಕಾಣುವೆ ಎಂಬ ಉತ್ತರ ಬರುತ್ತದೆ. ಇದು ನಿರಾಕರಣೆ ಎಂದು ನಾನು ಓದಿಕೊಂಡಿದ್ದೆ. ಹಿಂಬಾಲಿಸುವವನಿಗೆ ಕಾಣುವುದು ಬೆನ್ನೇ ಎನ್ನುತ್ತಾನೆ ಗ್ರೆಗರಿ. ಮುಖಕ್ಕೆ ಮುಖ ಕೊಟ್ಟವನು ಎದುರು ದಿಕ್ಕಿಗೆ ನಡೆಯುತ್ತಿರುತ್ತಾನೆ. ಕಾಣಬೇಕೆಂಬ ಬಯಕೆ ಎಂದೂ ತಣಿಯದಿರುವುದೇ ದೇವರನ್ನು ಕಾಣುವುದು ಎಂಬಲ್ಲಿಗೆ ಅವನು ತಲುಪುತ್ತಾನೆ. ಪೌಲ ಫಿಲಿಪ್ಪಿಯವರಿಗೆ ಬರೆದ, ಮುಂದಿರುವುದರ ಕಡೆಗೆ ಚಾಚಿಕೊಳ್ಳುವ ಮಾತು ಅವನ ಆಧಾರ.

ತಣಿಯದ ಬಯಕೆ ನರಕವಲ್ಲವೇ ಎಂದು ನಮ್ಮ ಓದಿನ ಗುಂಪಿನ ಹಿರಿಯರೊಬ್ಬರು ಕೇಳಿದರು. ನಿಮಗೂ ಆ ಪ್ರಶ್ನೆ ಬರಬೇಕು. ಬರದಿದ್ದರೆ ವೇಗವಾಗಿ ಓದಿದ್ದೀರಿ. ಉತ್ತರಕ್ಕೆ ಗ್ರೆಗರಿಯದೇ ‘ಆತ್ಮ ಮತ್ತು ಪುನರುತ್ಥಾನ’ ಓದಿ. ಅದರಲ್ಲಿ ಗುರು ಅವನ ಅಕ್ಕ ಮಕ್ರಿನಾ. 379ರಲ್ಲಿ, ಸಾವಿನ ಹಾಸಿಗೆಯಿಂದ ಮಾತನಾಡುತ್ತಾಳೆ. ಅಣ್ಣ ಬೆಸಿಲನನ್ನು ಕಳೆದುಕೊಂಡ ದುಃಖದಲ್ಲಿ ತಮ್ಮ ಬಂದಿದ್ದಾನೆ. ಸುರಿಯುವುದರಿಂದಲೇ ಹಿಗ್ಗುತ್ತಾ ಹೋಗುವ ಪಾತ್ರೆಯ ಉಪಮೆ ಅಲ್ಲಿದೆ: ತುಂಬಿದಷ್ಟೂ ದೊಡ್ಡದಾಗುತ್ತದೆ, ದೊಡ್ಡದಾದಷ್ಟೂ ಇನ್ನಷ್ಟು ಹಿಡಿಯುತ್ತದೆ. ಹಸಿವು ಮತ್ತು ತುಂಬುವಿಕೆ ಅಲ್ಲಿ ಒಟ್ಟಿಗೆ ಬೆಳೆಯುತ್ತವೆ.

ಈಗ ‘ಥಿಯೋಸಿಸ್’ ಪದವನ್ನು ಕೈಗೆತ್ತಿಕೊಳ್ಳಬಹುದು. ಕ್ರೈಸ್ತ ಬರಹದಲ್ಲಿ ಈ ನಾಮಪದವನ್ನು ಬಳಕೆಗೆ ತಂದವನು ಬೆಸಿಲನ ಗೆಳೆಯ ನಾಜಿಯಾನ್ಜಸ್‌ನ ಗ್ರೆಗರಿ. ಡಯೋನೀಸಿಯಸನ ವ್ಯಾಖ್ಯೆ ಅತ್ಯಂತ ಅಡಕವಾದದ್ದು: ಸಾಧ್ಯವಿರುವಷ್ಟು ಮಟ್ಟಿಗೆ ದೇವರಂತಾಗುವುದು, ದೇವರೊಡನೆ ಒಂದಾಗುವುದು. ‘ಸಾಧ್ಯವಿರುವಷ್ಟು’ ಎಂಬ ಪದವನ್ನು ಹಾರಿಸಬೇಡಿ. ಏಳನೆಯ ಶತಮಾನದ ಸನ್ಯಾಸಿ ಮ್ಯಾಕ್ಸಿಮಸ್ ಇದಕ್ಕೆ ಎರಡು ಹೋಲಿಕೆ ಕೊಡುತ್ತಾನೆ, ಬೆಳಕು ತುಂಬಿದ ಗಾಳಿ ಮತ್ತು ಬೆಂಕಿ ಹೊಕ್ಕ ಕಬ್ಬಿಣ. ನಮ್ಮ ಕಿವಿಯಲ್ಲಿ ‘ಐಕ್ಯ’ದ ನುಡಿಗಳು ಹಳೆಯ ಕಾಲದಿಂದ ನೆಲೆಸಿವೆ, ಕಬ್ಬಿಣ ಬೆಂಕಿಯಲ್ಲಿ ಇಲ್ಲವಾಯಿತು ಎಂದು ತಟ್ಟನೆ ಅನ್ನಿಸಿಬಿಡುತ್ತದೆ. ಮ್ಯಾಕ್ಸಿಮಸನಲ್ಲಿ ಅದು ಕಬ್ಬಿಣವಾಗಿಯೇ ಉಳಿದು ಉರಿಯುತ್ತದೆ. ಇಬ್ಬರು ಉಳಿಯದಿದ್ದರೆ ಒಲವಿಗೆ ಜಾಗವೆಲ್ಲಿ?

ಮ್ಯಾಕ್ಸಿಮಸನ ಕಠಿಣ ಗ್ರಂಥಗಳಿಗೆ ಆಮೇಲೆ ಹೋಗಿ. ಮೊದಲು ಒಲವಿನ ಬಗೆಗಿನ ಅವನ ನಾಲ್ಕು ಶತಕಗಳನ್ನು ಓದಿ. ನಾನೂರು ಪುಟ್ಟ ತುಣುಕುಗಳು, ದಿನಕ್ಕೆ ಐದರಂತೆ ಎಂಬತ್ತು ದಿನ. ಮೋಡಿ, ಬೆಳಕು ಎಂದು ತೇಲುತ್ತಿದ್ದವರನ್ನು ಅದು ನೆಲಕ್ಕಿಳಿಸುತ್ತದೆ. ಒಬ್ಬರನ್ನು ಪ್ರೀತಿಸಿ, ಇನ್ನೊಬ್ಬರನ್ನು ದ್ವೇಷಿಸಿ, ಮತ್ತೊಬ್ಬರ ಬಗ್ಗೆ ಏನೂ ಅನ್ನಿಸದೆ ಇರುವವರೆಗೆ ನೀನು ಪರಿಪೂರ್ಣ ಒಲವಿನಿಂದ ದೂರವಿದ್ದೀಯೆ ಎಂಬ ಅರ್ಥದ ತುಣುಕುಗಳು ಮತ್ತೆ ಮತ್ತೆ ಬರುತ್ತವೆ. ಒಬ್ಬ ಸಹೋದ್ಯೋಗಿಯೊಡನೆ ನಾನು ಆರು ವರ್ಷದಿಂದ ಮಾತು ಬಿಟ್ಟಿದ್ದೆ, ಅಚ್ಚಾದ ಒಂದು ತಪ್ಪಿನ ಹೊಣೆಯನ್ನು ಅವರು ನನ್ನ ಮೇಲೆ ಹೊರಿಸಿದ್ದರೆಂದು. ಆ ಭಾಗಕ್ಕೆ ಬಂದಾಗ ಪುಸ್ತಕವನ್ನು ಮೂರು ದಿನ ಮುಚ್ಚಿಟ್ಟೆ. ನಾಲ್ಕನೆಯ ದಿನ ಅವರಿಗೆ ಫೋನ್ ಮಾಡಿದೆ. ಆಮೇಲೆ ಓದು ಮುಂದುವರಿಯಿತು. ನಿಮಗೂ ಎಲ್ಲೋ ಓದು ನಿಂತರೆ, ತೊಡಕು ವಾಕ್ಯದಲ್ಲಿಯೇ ಇದೆಯೆಂದು ತೀರ್ಮಾನಿಸಿಬಿಡಬೇಡಿ. ಬರೆದವನು ಅದಕ್ಕೆ ಬೆಲೆ ತೆತ್ತವನು: ಕ್ರಿಸ್ತನಲ್ಲಿ ಮಾನವ ಸಂಕಲ್ಪವೂ ಇತ್ತೆಂದು ಪಟ್ಟು ಹಿಡಿದದ್ದಕ್ಕೆ 662ರಲ್ಲಿ ಅವನ ನಾಲಗೆ ಮತ್ತು ಬಲಗೈ ಕತ್ತರಿಸಿದರು. ಅದೇ ವರ್ಷ ಕಪ್ಪು ಸಮುದ್ರದ ಪೂರ್ವದ ಲಾಜಿಕಾದಲ್ಲಿ, ಗಡೀಪಾರಿನಲ್ಲಿ, ತೀರಿಕೊಂಡನು.

ಹದಿನಾಲ್ಕನೆಯ ಶತಮಾನದ ಗ್ರೆಗರಿ ಪಲಮಾಸ್, ದೇವರ ಸತ್ವಕ್ಕೂ ಶಕ್ತಿಗಳಿಗೂ ಇರುವ ಭೇದ, 1351ರ ಚರ್ಚ್ ಸಭೆ, ಇವೆಲ್ಲ ಎರಡನೆಯ ವರ್ಷಕ್ಕಿರಲಿ. 1782ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ‘ಫಿಲೋಕಾಲಿಯಾ’ ಸಂಕಲನವೂ ಹಾಗೆಯೇ. ಪ್ರಾರ್ಥನೆಯ ಬರಹಗಳ ಆ ಸಂಕಲನದ ಹೆಸರಿನ ಅರ್ಥ ‘ಚೆಲುವಿನ ಒಲವು’ ಎಂಬುದನ್ನಷ್ಟೇ ನೆನಪಿಟ್ಟುಕೊಳ್ಳಿ.

ಒಂದು ಚಿತ್ರ ಮಾತ್ರ ಮೊದಲ ದಿನದಿಂದ ಎದುರಿಗಿರಲಿ. ಸಿನಾಯ್ ಬೆಟ್ಟದ ಬುಡದಲ್ಲಿ, ಜಸ್ಟಿನಿಯನ್ ಚಕ್ರವರ್ತಿ ಆರನೆಯ ಶತಮಾನದಲ್ಲಿ ಕಟ್ಟಿಸಿದ ಮಠದ ಚರ್ಚಿನಲ್ಲಿ, ಕ್ರಿಸ್ತನ ರೂಪಾಂತರದ, ಅಂದರೆ ಅವನು ಶಿಷ್ಯರೆದುರು ಬೆಳಕಾಗಿ ಹೊಳೆದ ಘಟನೆಯ, ಮೊಸಾಯಿಕ್ (ಬಣ್ಣದ ಚೂರುಗಳನ್ನು ಜೋಡಿಸಿದ ಚಿತ್ರ) ಇದೆ. ಬಂಗಾರದ ಹಿನ್ನೆಲೆ, ಕ್ರಿಸ್ತನ ಸುತ್ತ ನೀಲಿಯ ವಲಯಗಳು, ಒಳಕ್ಕೆ ಹೋದಂತೆ ಆ ನೀಲಿ ಗಾಢವಾಗುತ್ತದೆ. ಪಕ್ಕದಲ್ಲಿ ಮೋಶೆ ನಿಂತಿದ್ದಾನೆ. ಅದರ ಮೇಲಿನ ಗೋಡೆಯಲ್ಲಿ ಅದೇ ಮೋಶೆ ಉರಿಯುವ ಪೊದೆಯ ಮುಂದೆ ಕೆರ ಬಿಚ್ಚುತ್ತಿದ್ದಾನೆ. ಆ ಬೆಟ್ಟದ ಮೇಲೆ ಬೆನ್ನು ಮಾತ್ರ ಕಂಡವನು ಇಲ್ಲಿ ಮುಖದೆದುರು ನಿಂತಿದ್ದಾನೆ. ನಾನು ಇದನ್ನು ಅಂಚೆಕಾರ್ಡಿನ ಗಾತ್ರದ ಚಿತ್ರದಲ್ಲಷ್ಟೇ ಕಂಡಿದ್ದೇನೆ. ‘ದೈವನಾಮಗಳು’ ಪುಸ್ತಕದ ಗುರುತುಪಟ್ಟಿ ಅದೇ.

ಅದೇ ಮಠದ ಮುಖ್ಯಸ್ಥನಾಗಿದ್ದ ಏಳನೆಯ ಶತಮಾನದ ಯೋಹಾನ ಕ್ಲಿಮಾಕಸ್ ‘ಏಣಿ’ ಎಂಬ ಗ್ರಂಥವನ್ನು ಮೂವತ್ತು ಮೆಟ್ಟಿಲುಗಳಾಗಿ ಬರೆದ. ಎಲ್ಲ ಓದಾದ ಮೇಲೆ ಅದರ ಹದಿನೈದನೆಯ ಮೆಟ್ಟಿಲನ್ನು ತೆರೆಯಿರಿ. ಬ್ರಹ್ಮಚರ್ಯದ ಬಗ್ಗೆ ಕಟ್ಟುನಿಟ್ಟಾಗಿ ಬರೆಯುತ್ತಿರುವಾಗ ನಡುವೆ ಒಬ್ಬನ ಸುದ್ದಿ ಹೇಳುತ್ತಾನೆ. ಆತ ಒಂದು ಸುಂದರ ದೇಹವನ್ನು ಕಂಡ, ಅದನ್ನು ಸೃಷ್ಟಿಸಿದವನನ್ನು ಕೊಂಡಾಡಿದ, ಆ ಒಂದು ನೋಟದಿಂದಲೇ ದೇವರ ಮೇಲೆ ಒಲವು ಉಕ್ಕಿ ಅತ್ತ. ಯಾವಾಗಲೂ ಹೀಗಿರಬಲ್ಲವನು ಎಲ್ಲರ ಪುನರುತ್ಥಾನಕ್ಕಿಂತ ಮುಂಚೆಯೇ ಎದ್ದವನು ಎಂದು ಕ್ಲಿಮಾಕಸ್ ಬರೆಯುತ್ತಾನೆ. ಪೆನ್ಸಿಲ್ ತೆಗೆದುಕೊಂಡು ಅಲ್ಲಿಯೂ ಕ್ರಿಯಾಪದಗಳಿಗೆ ಗೆರೆ ಎಳೆಯಿರಿ: ಕಂಡ, ಕೊಂಡಾಡಿದ, ಅತ್ತ, ಎದ್ದ.