ಗುಳ್ಳೆ ಒಣಗಿದ ಮೇಲೂ ಕಣ್ಣು ನೋಡಬೇಕು

ಆಷಾಢದ ಜಡಿಮಳೆಯಲ್ಲಿ ಹೊಸನಗರದ ಕಡೆಯಿಂದ ಶಿವಮೊಗ್ಗಕ್ಕೆ ಬಂದದ್ದು ಹನ್ನೆರಡು ದಿನದ ಹೆಣ್ಣುಕೂಸು. ಎರಡೂ ಕಾಲಿನುದ್ದಕ್ಕೆ ಗೆರೆ ಎಳೆದ ಹಾಗೆ ನೀರುಗುಳ್ಳೆ, ಅದರ ಮೇಲೆ ಹಚ್ಚಿದ್ದ ಕೆಮ್ಮಣ್ಣಿನ ಗುರುತು. ಊರಲ್ಲಿ ಸರ್ಪಸುತ್ತು ಅಂದಿದ್ದರಂತೆ. ಅಜ್ಜಿಗೆ ನಾಗನ ಅಳುಕು. ಅವರನ್ನು ದೂರಲಾರೆ, ಗೆರೆ ಹಿಡಿದು ಏಳುವ ಗುಳ್ಳೆ ಕಂಡರೆ ನಮ್ಮ ಕಡೆ ಯಾರಿಗೂ ಮೊದಲು ಹೊಳೆಯುವುದು ಅದೇ. ಚರ್ಮದ ಡಾಕ್ಟರು ಮಾತ್ರ ಚೀಟಿಯಲ್ಲಿ ಬೇರೆ ಹೆಸರು ಬರೆದು ಕಣ್ಣಿನ ಡಾಕ್ಟರಾದ ನನ್ನಲ್ಲಿಗೆ ಕಳಿಸಿದ್ದರು: ಇನ್‌ಕಾಂಟಿನೆನ್ಷಿಯಾ ಪಿಗ್ಮೆಂಟೈ.

ಎಕ್ಸ್ ವರ್ಣತಂತುವಿನ ಮೇಲಿರುವ ಐಕೆಬಿಕೆಜಿ ಎಂಬ ಜೀನ್ ಕೆಟ್ಟು ಬರುವ ಕಾಯಿಲೆ ಇದು. ಗಂಡುಪಿಂಡ ಸಾಮಾನ್ಯವಾಗಿ ಬಸಿರಲ್ಲೇ ಉಳಿಯುವುದಿಲ್ಲ, ಹಾಗಾಗಿ ನಾವು ನೋಡುವುದು ಹೆಚ್ಚುಕಮ್ಮಿ ಹೆಣ್ಣುಮಕ್ಕಳನ್ನೇ. ಗುಳ್ಳೆ ಒಣಗುತ್ತದೆ, ನರಹುಲಿಯಂತೆ ದಪ್ಪವಾಗುತ್ತದೆ, ಆಮೇಲೆ ಕಂದು ಸುಳಿಗಳು, ದೊಡ್ಡವರಾದ ಮೇಲೆ ಅವೂ ಮಾಸುತ್ತವೆ. ಚರ್ಮದ ಕಥೆ ಇಷ್ಟು. ನನಗೆ ಬೇಕಾದದ್ದು ಒಳಗಿನದು: ಕಣ್ಣಿನ ಒಳಪರದೆಯಾದ ರೆಟಿನಾದ ಅಂಚಿನ ಸಣ್ಣ ರಕ್ತನಾಳಗಳು ಮುಚ್ಚಿಕೊಳ್ಳುತ್ತವೆ. ರಕ್ತ ಸಿಗದ ಜಾಗ ಹೊಸ ನಾಳಗಳನ್ನು ಕರೆಯುತ್ತದೆ, ಅವು ಗಟ್ಟಿಯಿಲ್ಲದೆ ಒಸರುತ್ತವೆ, ಕಲೆಗಟ್ಟಿ ಎಳೆಯುತ್ತವೆ, ಕೊನೆಗೆ ರೆಟಿನಾವನ್ನೇ ಕಿತ್ತುಬಿಡುತ್ತವೆ.

ನಾವು ವಾರವಾರ ಕಣ್ಣು ನೋಡುವುದು ಬಸಿರಿನ 34 ವಾರ ತುಂಬುವ ಮೊದಲೇ ಹುಟ್ಟಿದ, ಇಲ್ಲವೇ ಎರಡು ಕೆಜಿಗಿಂತ ಕಡಿಮೆ ತೂಗುವ ಮಕ್ಕಳಿಗೆ. ದಿನ ತುಂಬಿ ಹುಟ್ಟಿದ, 2.8 ಕೆಜಿಯ ಈ ಕೂಸು ಆ ಬಲೆಗೆ ಬೀಳುವುದೇ ಇಲ್ಲ. ಚೀಟಿ ಬರೆದವರಿಗೆ ನಾನು ಈಗಲೂ ಋಣಿ.

ಮೊದಲ ದಿನ ನಾನೇ ಎಡವುತ್ತಿದ್ದೆ. ಕೂಸು ಅಳುತ್ತಿತ್ತು, ಪಾಪೆ ಅರ್ಧ ಮಾತ್ರ ಅರಳಿತ್ತು. ಮಧ್ಯಭಾಗ ಚೆನ್ನಾಗಿ ಕಂಡಿತು. 'ನಾರ್ಮಲ್' ಎಂದು ಬರೆಯಲು ಪೆನ್ನು ಎತ್ತಿಯೂ ಆಗಿತ್ತು. ಅಂಚು ನೋಡಿಲ್ಲವಲ್ಲ ಎಂಬುದು ಆಗ ಹೊಳೆಯಿತು. ಇನ್ನೊಂದು ಸುತ್ತು ಹನಿ ಹಾಕಿಸಿ, ಕೆನ್ನೆಗೆ ಇಳಿದದ್ದನ್ನು ಕೂಡಲೇ ಒರೆಸಿ (ಇಷ್ಟು ಚಿಕ್ಕ ಮೈಗೆ ಆ ಔಷಧಿಯೂ ಹೆಚ್ಚೇ), ಒಂದು ಗಂಟೆ ಕಾದೆ. ಅಷ್ಟರಲ್ಲಿ ಹಾಲು ಕುಡಿದದ್ದೂ ಇಳಿದಿತ್ತು. ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿಸಿ, ತಲೆಗೆ ಕಟ್ಟುವ ದೀಪ, ಕೈಯಲ್ಲಿ ಮಸೂರ, ಅಂಚು ಒತ್ತುವ ಸಣ್ಣ ಕಡ್ಡಿ. ಬಲಗಣ್ಣಲ್ಲಿ ಅಲ್ಪಸ್ವಲ್ಪ. ಎಡಗಣ್ಣಲ್ಲಿ ಕಿವಿಯ ಕಡೆಯ ನಾಳಗಳು ಅರ್ಧದಲ್ಲೇ ನಿಂತಿದ್ದವು, ಶರಾವತಿ ಹಿನ್ನೀರಿನ ಹತ್ತಿರ ಹಳೇ ರಸ್ತೆ ನೀರಿಗಿಳಿದು ಕಾಣದಾಗುವ ಹಾಗೆ. ಆಚೆ ಬರೀ ಬೂದು ಬಯಲು.

ಅಜ್ಜಿ ಚೀಟಿ ಮಾಡಿಸಲು ಹೋದಾಗ ಕಾಯಿಲೆ ತಾಯಿಯಿಂದ ಬಂದಿರಬಹುದೇ ಎಂದು ಅವಳನ್ನು ಒಬ್ಬಳನ್ನೇ ಕೂರಿಸಿ ನೋಡಿದೆ. ಅವಳಲ್ಲೂ ಅದರ ಗುರುತು ಇತ್ತು: ಒಂದು ಹಲ್ಲು ಮೊನಚು, ಮೀನಖಂಡದಲ್ಲಿ ರೋಮವಿಲ್ಲದ ಬಿಳಿಚಿದ ಗೆರೆಗಳು. ಹಿಂದೆ ಎರಡು ಬಸಿರು ನಿಂತಿರಲಿಲ್ಲ. ಜೀನ್ ಪರೀಕ್ಷೆಯ ವಿಷಯ ಅವಳಿಗಷ್ಟೇ ಹೇಳಿದೆ. ಅದನ್ನು ಅತ್ತೆಯೆದುರು ಹೇಳುವುದು ಬಿಡುವುದು ಅವಳಿಗೆ ಸೇರಿದ್ದು. ಫಿಟ್ಸ್ ಬರುವ ಸಾಧ್ಯತೆ ಇರುವುದರಿಂದ ಕೂಸನ್ನು ಮಕ್ಕಳ ಡಾಕ್ಟರಿಗೂ ತೋರಿಸಿದೆವು.

ನಿಜವಾದ ಕಷ್ಟ ಆಮೇಲೆ. ತಿಂಗಳ ನಂತರ ಬರಬೇಕಿದ್ದವರು ಬರಲಿಲ್ಲ. ಫೋನ್ ಮಾಡಿದರೆ ಅಜ್ಜಿ: "ಗುಳ್ಳೆ ಎಲ್ಲ ಒಣಗಿತಲ ಡಾಕ್ಟ್ರೇ, ಈ ಮಳೇಲಿ ಕೂಸಿನ ಎತ್ಕಂಡು ಮತ್ತೆಂತಕ್ಕೆ ಬರೂದು?" ಚರ್ಮ ತಾನಾಗಿ ವಾಸಿಯಾಗುತ್ತದೆ, ಕಣ್ಣು ಕೆಡುವುದೂ ಅದೇ ತಿಂಗಳುಗಳಲ್ಲಿ. ಇದನ್ನು ಫೋನಲ್ಲಿ ಎಷ್ಟು ವಿವರಿಸಿದರೂ ತಲುಪಲಿಲ್ಲ. ಕೊನೆಗೆ ಆಶಾ ಕಾರ್ಯಕರ್ತೆಯ ನಂಬರ್ ಹಿಡಿದೆ. 6, 10, 14ನೇ ವಾರದ ಲಸಿಕೆಗೆ ಅವರು ಹೇಗೂ ಕರೆಯುತ್ತಾರೆ. ಆ ವಾರವೇ ಕಣ್ಣಿಗೂ ಕಳಿಸಿ ಅಂದೆ. ಅದು ನಡೆಯಿತು. ನಾಲ್ಕು ತಿಂಗಳವರೆಗೆ ತಿಂಗಳಿಗೊಮ್ಮೆ, ವರ್ಷದವರೆಗೆ ಮೂರು ತಿಂಗಳಿಗೊಮ್ಮೆ, ಮೂರು ವರ್ಷದವರೆಗೆ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ದಿನಾಂಕಗಳನ್ನು ಮನೆಯ ಕ್ಯಾಲೆಂಡರಿನಲ್ಲೇ ಬರೆಸಿದೆ.

ಹತ್ತನೇ ವಾರದಲ್ಲಿ ಎಡಗಣ್ಣಿನ ಗಡಿಯಲ್ಲಿ ಹೊಸ ನಾಳಗಳು ಕಂಡವು. ರಾತ್ರಿ ರೈಲಿಗೆ ಬೆಂಗಳೂರಿಗೆ ಕಳಿಸಿದೆ. ಅಲ್ಲಿ ಅರಿವಳಿಕೆ ಕೊಟ್ಟು, ಬಣ್ಣದ ಔಷಧಿ ಬಿಟ್ಟು ನಾಳಗಳ ಚಿತ್ರ ತೆಗೆದು, ರಕ್ತವಿಲ್ಲದ ಜಾಗಕ್ಕೆ ಲೇಸರ್ ಹಾಕಿದರು. ಲೇಸರ್ ಸತ್ತ ಜಾಗವನ್ನು ಬದುಕಿಸುವುದಿಲ್ಲ, ಉಳಿದದ್ದನ್ನು ಕಾಯುತ್ತದೆ. ಹೋಗುವ ಮೊದಲೇ ಮನೆಯವರಿಗೆ ಇದನ್ನು ಹೇಳಿದ್ದು ಒಳ್ಳೆಯದಾಯಿತು. ಬಲಗಣ್ಣಿಗೆ ಏನೂ ಬೇಕಾಗಲಿಲ್ಲ.

ಈಗ ಅವಳಿಗೆ ಒಂದೂವರೆ ವರ್ಷ. ಹೋದ ಸಲ ನನ್ನ ಟಾರ್ಚ್ ಕಸಿದುಕೊಂಡಳು. ತಡವಾಗಿ ಬಂದ ಮುಂದಿನ ಹಲ್ಲೊಂದು ಮೊನಚಾಗಿದೆ. ಅಜ್ಜಿ ಅದನ್ನು ತೋರಿಸಿ ಸೊಸೆಯತ್ತ ನೋಡಿ, "ಥೇಟ್ ಅವ್ಳ ಅಮ್ಮಂದೇ" ಎಂದು ನಕ್ಕರು.