ಹಳೆಯ ಸಾಲಕ್ಕೆ ಎಕ್ಸ್‌ಪಾರ್ಟಿ ಡಿಕ್ರಿ ಆಗಿದ್ದರೆ ಏನು ಮಾಡಬೇಕು?

ಎಂದೋ ತೆಗೆದುಕೊಂಡ ಕೈಸಾಲ, ಕಟ್ಟದೆ ಉಳಿದ ಕಂತು, ಯಾರಿಗೋ ಜಾಮೀನು ನಿಂತು ಹಾಕಿದ ಸಹಿ. ವರ್ಷಗಳಾದ ಮೇಲೆ ಒಂದು ತಿಂಗಳು ಸಂಬಳದಲ್ಲಿ ಕಡಿತ ಶುರುವಾಗುತ್ತದೆ, ಇಲ್ಲವೇ ಕೋರ್ಟಿನ ಅಮೀನರು ಜಪ್ತಿ ವಾರೆಂಟ್ ಹಿಡಿದು ಬಾಗಿಲಿಗೆ ಬರುತ್ತಾರೆ. ದಾವೆ ಹೂಡಿದ್ದೇ ಗೊತ್ತಿಲ್ಲ, ಅಷ್ಟರಲ್ಲಿ ನಿಮ್ಮ ಗೈರುಹಾಜರಿಯಲ್ಲೇ ಹಣ ಕಟ್ಟಬೇಕೆಂಬ ತೀರ್ಮಾನ, ಅಂದರೆ ಎಕ್ಸ್‌ಪಾರ್ಟಿ ಡಿಕ್ರಿ, ಆಗಿಹೋಗಿದೆ. ಆಗ ಬಹುತೇಕರ ಬಾಯಿಂದ ಮೊದಲು ಬರುವ ಮಾತು ‘ಸಾಲ ತುಂಬ ಹಳೆಯದು, ಅವಧಿ ಮೀರಿದೆ’ ಎಂಬುದು. ವಾದ ನಿಜವೇ ಇರಬಹುದು, ಆದರೆ ಅದನ್ನು ಅಮಲ್ಜಾರಿ ನಡೆಸುವ ಕೋರ್ಟಿನ ಮುಂದೆ ಹೇಳಿ ಪ್ರಯೋಜನವಿಲ್ಲ. ಡಿಕ್ರಿ ಸರಿಯೋ ತಪ್ಪೋ ಎಂದು ಆ ಕೋರ್ಟು ಮತ್ತೆ ವಿಚಾರಿಸುವುದಿಲ್ಲ, ಇದ್ದುದನ್ನು ಜಾರಿ ಮಾಡುತ್ತದೆ, ಅಷ್ಟೆ. ದಾವೆ ಹೂಡುವ ಮೊದಲೇ ತೀರಿಹೋದವರ ಮೇಲೆ ಡಿಕ್ರಿ ಆಗಿದೆ ಎಂಬಂಥ ಮೂಲಭೂತ ದೋಷವಿದ್ದರೆ ಮಾತ್ರ ಅಲ್ಲಿ ಕೇಳಿಸಿಕೊಳ್ಳುತ್ತಾರೆ. ಹಾಗಾಗಿ ಮೊದಲ ಕೆಲಸ ಡಿಕ್ರಿಯನ್ನೇ ರದ್ದು ಮಾಡಿಸುವುದು. ಸಾಲದ ವಯಸ್ಸಿನ ಮಾತು ಆಮೇಲೆ.

ಕೈಗೆ ಬಂದ ಕಾಗದ ಯಾವುದು ನೋಡಿ

‘ಕೋರ್ಟ್ ಆರ್ಡರ್’ ಎಂದು ಜನ ಕರೆಯುವ ಎಲ್ಲ ಕಾಗದಕ್ಕೂ ಒಂದೇ ಮದ್ದಿಲ್ಲ. ಸಿವಿಲ್ ಕೋರ್ಟಿನ ಡಿಕ್ರಿಯಾದರೆ ಅದರಲ್ಲಿ ಓ.ಎಸ್. (ಮೂಲ ದಾವೆ) ನಂಬರ್ ಇರುತ್ತದೆ. ಈ ಬರಹ ಮುಖ್ಯವಾಗಿ ಅದರ ಬಗ್ಗೆ. ಖಾಸಗಿ ಫೈನಾನ್ಸ್ ಸಂಸ್ಥೆಗಳ ಸಾಲದಲ್ಲಿ ಬಹಳ ಸಲ ಇರುವುದು ಡಿಕ್ರಿಯಲ್ಲ, ಆರ್ಬಿಟ್ರೇಷನ್ ಅವಾರ್ಡ್, ಅಂದರೆ ಕೋರ್ಟಿನ ಹೊರಗೆ ಮಧ್ಯಸ್ಥಗಾರರು ಕೊಟ್ಟ ತೀರ್ಪು. ಅದನ್ನು 1996ರ ಮಧ್ಯಸ್ಥಿಕೆ ಕಾಯ್ದೆಯ 34ನೇ ಕಲಮಿನಡಿ ಪ್ರಶ್ನಿಸಬೇಕು. ಅವಾರ್ಡ್ ಪ್ರತಿ ಕೈಸೇರಿದ ದಿನದಿಂದ 3 ತಿಂಗಳು, ತಕ್ಕ ಕಾರಣವಿದ್ದರೆ ಇನ್ನು 30 ದಿನ, ಅದರಾಚೆ ಒಂದು ದಿನವೂ ಸಿಗುವುದಿಲ್ಲ. ಬ್ಯಾಂಕಿನ ಬಾಕಿ 20 ಲಕ್ಷ ರೂಪಾಯಿ ಅಥವಾ ಹೆಚ್ಚಿದ್ದರೆ ವಿಷಯ ಸಾಲ ವಸೂಲಾತಿ ನ್ಯಾಯಮಂಡಳಿಯದು. ಲೋಕ ಅದಾಲತ್ತಿನಲ್ಲಿ ರಾಜಿಯಾದ ಅವಾರ್ಡಿಗೆ ಅಪೀಲೇ ಇಲ್ಲ. ಚೆಕ್ ಬೌನ್ಸ್ ಕೇಸು ಕ್ರಿಮಿನಲ್ ಸ್ವರೂಪದ್ದು, ಅದರ ಹಾದಿ ಪೂರ್ತಿ ಬೇರೆ.

ಫೈಲಿನಲ್ಲಿ ಏನಿದೆ?

ಇ-ಕೋರ್ಟ್ಸ್ ಜಾಲತಾಣದಲ್ಲಾಗಲಿ ಆ್ಯಪಿನಲ್ಲಾಗಲಿ ನಿಮ್ಮ ಹೆಸರು ಅಥವಾ ಕೇಸ್ ನಂಬರ್ ಹಾಕಿ ಹುಡುಕಿದರೆ 16 ಅಕ್ಷರಗಳ ಸಿಎನ್ಆರ್ ಎಂಬ ಕೇಸಿನ ಗುರುತು ಸಂಖ್ಯೆಯೂ, ಯಾವ ದಿನ ಏನಾಯಿತು ಎಂಬ ಪಟ್ಟಿಯೂ ಸಿಗುತ್ತದೆ. ಅದನ್ನು ಇಟ್ಟುಕೊಂಡು ವಕೀಲರ ಮೂಲಕ ಫೈಲ್ ಪರಿಶೀಲನೆಗೆ ಅರ್ಜಿ ಹಾಕಿಸಿ. ತೀರ್ಪು, ಡಿಕ್ರಿ, ವಾದಪತ್ರ, ಆರ್ಡರ್ ಶೀಟ್, ಸಮನ್ಸ್ ಮೇಲಿನ ಅಮೀನರ ಷರಾ (ಯಾರಿಗೆ, ಹೇಗೆ ತಲುಪಿಸಿದರೆಂಬ ಟಿಪ್ಪಣಿ), ಅಂಚೆಯ ಸ್ವೀಕೃತಿ ಚೀಟಿ ಅಥವಾ ಮರಳಿ ಬಂದ ಲಕೋಟೆ, ಪ್ರಾಮಿಸರಿ ನೋಟಿನ ಎರಡೂ ಬದಿ ಇವಿಷ್ಟರ ನಕಲು ಬೇಕು.

ಕೇಸಿನ ಜೀವ ಇರುವುದು ಸಮನ್ಸ್ ಷರಾದಲ್ಲಿ. ಯಾವ ವಿಳಾಸಕ್ಕೆ ಹೋಯಿತು? ಆ ದಿನಾಂಕದಲ್ಲಿ ನೀವು ಅಲ್ಲಿದ್ದಿರಾ? ಮನೆಯವರ ಕೈಗೆ ಕೊಟ್ಟೆ ಎಂದಿದ್ದರೆ ಆ ವ್ಯಕ್ತಿ ನಿಮ್ಮ ಜೊತೆ ವಾಸವಿರುವ ವಯಸ್ಕ ಕುಟುಂಬ ಸದಸ್ಯರೇ? ಮನೆಗೆಲಸದವರು ಕುಟುಂಬ ಸದಸ್ಯರಲ್ಲ ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 5ನೇ ಆದೇಶದ 15ನೇ ನಿಯಮವೇ ಹೇಳುತ್ತದೆ. ಬಾಗಿಲಿಗೆ ಅಂಟಿಸಿ ಬಂದೆ ಎಂದಿದ್ದರೆ ಮನೆ ತೋರಿಸಿದವರು ಯಾರು, ಯಾರ ಎದುರಿಗೆ ಅಂಟಿಸಿದ್ದು ಎಂದು 17ನೇ ನಿಯಮದ ಪ್ರಕಾರ ಬರೆದಿರಬೇಕು. ಆ ಹೆಸರುಗಳೇ ಇಲ್ಲದ ಷರಾ ನಿಮ್ಮ ಪರ ದೊಡ್ಡ ಅಂಶ. ಸ್ವೀಕೃತಿ ಚೀಟಿಯ ಸಹಿಯನ್ನು ನಿಮ್ಮ ಸಹಿಯೊಂದಿಗೆ ಹೋಲಿಸಿ ನೋಡಿ. ಲಕೋಟೆ ‘ನಿರಾಕರಿಸಿದರು’ ಎಂಬ ಷರಾದೊಂದಿಗೆ ಮರಳಿದ್ದರೆ ಮಾತ್ರ ದಾರಿ ಕಡಿದು, ಏಕೆಂದರೆ ಬೇಡವೆಂದು ವಾಪಸು ಮಾಡಿದ ಸಮನ್ಸನ್ನು ಜಾರಿಯಾದಂತೆಯೇ ಕೋರ್ಟು ಎಣಿಸುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಫೈಲಿನಲ್ಲಿ ನಿಮ್ಮ ಸಹಿ ಇರುವ ವಕಾಲತ್ತು (ವಕೀಲರನ್ನು ನೇಮಿಸಿದ ಪತ್ರ) ಇದೆಯೇ? ಇದ್ದರೆ ‘ಸಮನ್ಸ್ ಬಂದಿಲ್ಲ’ ಎಂಬ ವಾದ ಅಲ್ಲಿಗೇ ಮುಗಿಯಿತು. ವಕೀಲರು ಹಾಜರಾಗಲಿಲ್ಲ, ಆಸ್ಪತ್ರೆಯಲ್ಲಿದ್ದೆ ಎಂಬಂಥ ಬೇರೆ ಕಾರಣವನ್ನೇ ಹಿಡಿಯಬೇಕು.

ಮೂವತ್ತು ದಿನದ ಲೆಕ್ಕ

ಎಕ್ಸ್‌ಪಾರ್ಟಿ ಡಿಕ್ರಿ ರದ್ದತಿಗೆ ಅರ್ಜಿ ಹಾಕುವುದು ಸಂಹಿತೆಯ 9ನೇ ಆದೇಶ, 13ನೇ ನಿಯಮದಡಿ, ಡಿಕ್ರಿ ಮಾಡಿದ ಕೋರ್ಟಿನಲ್ಲೇ. ಆಧಾರ ಎರಡೇ: ಸಮನ್ಸ್ ಸರಿಯಾಗಿ ಜಾರಿಯಾಗಿರಲಿಲ್ಲ, ಅಥವಾ ಹಾಜರಾಗಲು ಬಿಡದಂಥ ಬಲವಾದ ಕಾರಣವಿತ್ತು. ಗಡುವು 1963ರ ಕಾಲಮಿತಿ ಕಾಯ್ದೆಯ 123ನೇ ಅನುಚ್ಛೇದದಂತೆ 30 ದಿನ. ಸಮನ್ಸ್ ಸರಿಯಾಗಿ ಜಾರಿಯಾಗಿದ್ದರೆ ಡಿಕ್ರಿಯ ದಿನಾಂಕದಿಂದ ಎಣಿಕೆ, ಆಗಿರದಿದ್ದರೆ ಡಿಕ್ರಿಯ ವಿಷಯ ನಿಮಗೆ ತಿಳಿದ ದಿನದಿಂದ. ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ‘ಸಮನ್ಸ್ ಜಾರಿ’ ಎಂದು ಬರೆದುಕೊಂಡಿದ್ದರೆ ಹೆದರಬೇಡಿ. ಈ ಗಡುವಿನ ಮಟ್ಟಿಗೆ ಅಂಥ ಬದಲಿ ಜಾರಿಯನ್ನು ಸರಿಯಾದ ಜಾರಿ ಎಂದು ಎಣಿಸುವಂತಿಲ್ಲ ಎಂದು ಆ ಅನುಚ್ಛೇದದ ವಿವರಣೆಯೇ ಹೇಳಿದೆ.

ಇಲ್ಲಿ ಬಹಳ ಜನ ಎಡವುವುದು ದೃಢೀಕೃತ ನಕಲಿಗಾಗಿ ಕಾಯುತ್ತ ಕೂತು. ನಕಲು ಪಡೆಯಲು ಹಿಡಿದ ದಿನಗಳನ್ನು ಅಪೀಲಿನ ಗಡುವಿನಿಂದ ಕಳೆಯಬಹುದು ಎಂದು ಕಾಲಮಿತಿ ಕಾಯ್ದೆಯ 12ನೇ ಕಲಮು ಹೇಳುತ್ತದೆ, ಆದರೆ ರದ್ದತಿ ಅರ್ಜಿಗೆ ಆ ಸೌಲಭ್ಯ ಹೇಳಿಲ್ಲ. ನಕಲಿಗೆ ಅರ್ಜಿ ಕೊಟ್ಟು, ಇ-ಕೋರ್ಟ್ಸ್‌ನಿಂದ ಇಳಿಸಿಕೊಂಡ ಪ್ರತಿಯ ಮೇಲೆಯೇ ಅರ್ಜಿ ಸಿದ್ಧಪಡಿಸಿ. ಗಡುವು ದಾಟಿದ್ದರೆ, ದಾಟಿರಬಹುದು ಎಂಬ ಅನುಮಾನವಿದ್ದರೂ, ಅದೇ ಕಾಯ್ದೆಯ 5ನೇ ಕಲಮಿನಡಿ ವಿಳಂಬ ಮನ್ನಾ ಅರ್ಜಿಯನ್ನು ಜೊತೆಗೇ ಕೊಡಿ.

ಅರ್ಜಿ ಬರೆಯುವಾಗ

ಅಫಿಡವಿಟ್ಟಿನಲ್ಲಿ ‘ಡಿಕ್ರಿ ತಿಳಿದ ದಿನ’ ಎಂದು ಬರೆಯುವ ತಾರೀಕನ್ನು ಎರಡು ಸಲ ಯೋಚಿಸಿ ಬರೆಯಿರಿ. ಎದುರು ಪಕ್ಷದವರು ಅಮಲ್ಜಾರಿ ನೋಟಿಸಿನ ತಾರೀಕು, ನಿಮ್ಮ ನಕಲು ಅರ್ಜಿಯ ತಾರೀಕು, ಸಂಬಳ ಕಡಿತ ಶುರುವಾದ ತಿಂಗಳು ಎಲ್ಲವನ್ನೂ ಪಕ್ಕಪಕ್ಕ ಇಟ್ಟು ಪಾಟೀಸವಾಲು ಮಾಡುತ್ತಾರೆ. ಒಂದು ತಾರೀಕು ಸುಳ್ಳಾದರೆ ಉಳಿದ ನಿಜವನ್ನೂ ಯಾರೂ ನಂಬುವುದಿಲ್ಲ. ‘ಅನಾರೋಗ್ಯವಿತ್ತು’ ಎಂಬ ಒಂದು ಸಾಲು ಸಾಲದು. ಯಾವ ಕಾಯಿಲೆ, ಎಲ್ಲಿ ಚಿಕಿತ್ಸೆ, ಎಂದಿನಿಂದ ಎಂದಿನವರೆಗೆ ಎಂದು ಡಿಸ್ಚಾರ್ಜ್ ಸಾರಾಂಶದ ಸಮೇತ ಬರಬೇಕು. ಮನೆ ಬದಲಿಸಿದ್ದರೆ ಬಾಡಿಗೆ ಕರಾರು, ವಿದ್ಯುತ್ ಬಿಲ್, ಪಡಿತರ ಚೀಟಿ, ಕೆಲಸದ ಸ್ಥಳದ ಪ್ರಮಾಣಪತ್ರ ಇವುಗಳಲ್ಲಿ ಆ ಅವಧಿಯದ್ದು ಯಾವುದು ಸಿಕ್ಕರೂ ಸೇರಿಸಿ. ಇವತ್ತಿನ ವಿಳಾಸ ತೋರಿಸುವ ಆಧಾರ್ ಕಾರ್ಡಿನಿಂದ ಐದು ವರ್ಷದ ಹಿಂದೆ ಎಲ್ಲಿದ್ದಿರಿ ಎಂಬುದು ಸಾಬೀತಾಗದು.

ಸಮನ್ಸ್ ಜಾರಿಯಲ್ಲಿ ಸಣ್ಣ ಲೋಪವಿದ್ದು, ಕೇಸಿನ ತಾರೀಕು ನಿಮಗೆ ಮೊದಲೇ ತಿಳಿದಿತ್ತು, ಬರಲು ಸಮಯವೂ ಇತ್ತು ಎಂದು ಕೋರ್ಟಿಗೆ ಮನವರಿಕೆಯಾದರೆ ಲೋಪವೊಂದರ ಮೇಲೆ ಡಿಕ್ರಿ ರದ್ದಾಗುವುದಿಲ್ಲ. ಅದಕ್ಕೇ ಷರಾದ ತಪ್ಪನ್ನಷ್ಟೇ ಎತ್ತಿ ನಿಲ್ಲಿಸದೆ, ಕೇಸಿನ ಸುಳಿವೇ ನಿಮಗೆ ಏಕೆ ಸಿಗಲಿಲ್ಲ ಎಂಬುದನ್ನೂ ಬಿಡಿಸಿ ಹೇಳಿ. ದಾವೆಗೆ ಮುಂಚೆ ಬಂದ ಲಾಯರ್ ನೋಟಿಸು ಸಮನ್ಸ್ ಅಲ್ಲ. ಬಂದಿದ್ದರೆ ಒಪ್ಪಿಕೊಳ್ಳಿ, ಮುಚ್ಚಿಡಬೇಡಿ.

ಸಾಲದ ವಿಷಯದಲ್ಲಿ ನಿಮ್ಮ ಪ್ರತಿವಾದವೇನು ಎಂಬುದನ್ನೂ ಒಂದೆರಡು ಪ್ಯಾರಾದಲ್ಲಿ ಬರೆಯಿರಿ. 13ನೇ ನಿಯಮ ಅದನ್ನು ಕಡ್ಡಾಯ ಮಾಡಿಲ್ಲ. ಆದರೂ ಕೇಸನ್ನು ಮತ್ತೆ ತೆರೆದರೆ ವಿಚಾರಿಸಲು ಏನೋ ಇದೆ ಎಂದು ನ್ಯಾಯಾಧೀಶರಿಗೆ ಅನಿಸಬೇಕು.

ತಡೆಯಾಜ್ಞೆ ತಾನಾಗಿ ಸಿಗದು

ರದ್ದತಿ ಅರ್ಜಿ ಹಾಕಿದ ಮಾತ್ರಕ್ಕೆ ಜಪ್ತಿ ನಿಲ್ಲುವುದಿಲ್ಲ. ಪ್ರತ್ಯೇಕ ಐ.ಎ. (ಮಧ್ಯಂತರ ಅರ್ಜಿ) ಹಾಕಿ ತಡೆ ಕೇಳಬೇಕು, ಸಿಕ್ಕ ಆದೇಶದ ಪ್ರತಿಯನ್ನು ಅಮಲ್ಜಾರಿ ಕೋರ್ಟಿಗೂ ತಲುಪಿಸಬೇಕು. ಡಿಕ್ರಿ ಹಣದ ಒಂದು ಭಾಗ ಠೇವಣಿ ಇಡಿ ಎಂಬ ಷರತ್ತು ಬರುವುದು ಸಾಮಾನ್ಯ. ಎಷ್ಟು ಹೊಂದಿಸಬಲ್ಲಿರಿ ಎಂದು ಮೊದಲೇ ವಕೀಲರಿಗೆ ತಿಳಿಸಿ. ಕೊಟ್ಟ ದಿನದೊಳಗೆ ಠೇವಣಿ ಇಡದಿದ್ದರೆ ತಡೆ ಬಿದ್ದುಹೋಗುತ್ತದೆ. ಇಷ್ಟರಲ್ಲಿ ಹಣ ವಸೂಲಾಗಿಬಿಟ್ಟಿದ್ದರೂ ಆಸೆ ಬಿಡಬೇಕಿಲ್ಲ. ಡಿಕ್ರಿ ರದ್ದಾದರೆ ಅದನ್ನು ಮರಳಿ ಕೇಳಲು ಸಂಹಿತೆಯ 144ನೇ ಕಲಮಿದೆ.

ಸಂಬಳ ಜಪ್ತಿಗೂ ಮಿತಿಯಿದೆ. ಮೊದಲ 1000 ರೂಪಾಯಿಯನ್ನೂ, ಉಳಿದದ್ದರ ಮೂರರಲ್ಲಿ ಎರಡು ಪಾಲನ್ನೂ ಮುಟ್ಟುವಂತಿಲ್ಲ. ಲೆಕ್ಕಕ್ಕೆ ಬರುವ ಸಂಬಳ 25,000 ಇದ್ದರೆ ತಿಂಗಳಿಗೆ ಹೆಚ್ಚೆಂದರೆ 8,000. ಒಂದೇ ಡಿಕ್ರಿಗೆ ಒಟ್ಟು 24 ತಿಂಗಳು ಕಡಿತವಾದ ಮೇಲೆ ಆ ಡಿಕ್ರಿಗಾಗಿ ಮತ್ತೆ ಸಂಬಳ ಹಿಡಿಯುವಂತಿಲ್ಲ. ಭವಿಷ್ಯ ನಿಧಿ, ಕುಶಲಕರ್ಮಿಯ ಉಪಕರಣ, ಅಡುಗೆ ಪಾತ್ರೆ, ರೈತ ವಾಸವಿರುವ ಮನೆ 60ನೇ ಕಲಮಿನ ರಕ್ಷಣೆಯಲ್ಲಿವೆ. ಹಣದ ಡಿಕ್ರಿಗಾಗಿ ಹೆಂಗಸರನ್ನು ಬಂಧಿಸುವಂತಿಲ್ಲ. ಗಂಡಸರನ್ನೂ ಕೇವಲ ಕೈಲಾಗದ ಬಡತನಕ್ಕಾಗಿ ಸಿವಿಲ್ ಜೈಲಿಗೆ ಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟು 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಹೇಳಿದೆ.

ಅಪೀಲಿನ ದಾರಿ, ಅವಧಿ ಮೀರಿದ ಸಾಲ

ಎಕ್ಸ್‌ಪಾರ್ಟಿ ಡಿಕ್ರಿಯ ಮೇಲೆ ಸಂಹಿತೆಯ 96(2)ನೇ ಕಲಮಿನಡಿ ನೇರವಾಗಿ ಅಪೀಲು ಹೋಗಬಹುದು. ಹೈಕೋರ್ಟಿಗಾದರೆ 90 ದಿನ, ಬೇರೆ ಕೋರ್ಟಿಗಾದರೆ 30. ಅಪೀಲಿನಲ್ಲಿ ಮುಖ್ಯವಾಗಿ ನೋಡುವುದು ಇದ್ದ ದಾಖಲೆಯ ಮೇಲೆ ತೀರ್ಪು ಸರಿಯೇ ಎಂಬುದನ್ನು. ಹಾಗಾಗಿ ಸಾಲ ಅವಧಿ ಮೀರಿದ್ದು ವಾದಪತ್ರದ ಮೇಲೆಯೇ ಕಾಣುತ್ತಿದ್ದರೆ ಇದು ಬಲವಾದ ದಾರಿ. ಕಾಲಮಿತಿ ಕಾಯ್ದೆಯ 3ನೇ ಕಲಮಿನಂತೆ, ಪ್ರತಿವಾದಿ ಬಾಯಿ ಬಿಡದಿದ್ದರೂ ಅವಧಿ ಮೀರಿದ ದಾವೆಯನ್ನು ಕೋರ್ಟು ತಾನೇ ವಜಾ ಮಾಡಬೇಕಿತ್ತು. ಕಾರಣವನ್ನೇ ಕೊಡದ ನಾಲ್ಕು ಸಾಲಿನ ತೀರ್ಪೂ ಅಪೀಲಿನಲ್ಲಿ ನಿಲ್ಲುವುದು ಕಷ್ಟ.

ಎರಡೂ ದಾರಿಯನ್ನು ಹಿಡಿಯಬಹುದು, ಆದರೆ ಅಪೀಲು ವಿಚಾರಣೆಯಾಗಿ ತೀರ್ಮಾನವಾಯಿತೆಂದರೆ ರದ್ದತಿ ಅರ್ಜಿಗೆ ಅವಕಾಶವಿಲ್ಲ. ಖರ್ಚಿನ ವ್ಯತ್ಯಾಸವೂ ದೊಡ್ಡದು. ಕರ್ನಾಟಕದಲ್ಲಿ ಅಪೀಲಿಗೆ ದಾವೆಯಷ್ಟೇ ಕೋರ್ಟ್ ಫೀ ಬೀಳುತ್ತದೆ, ರದ್ದತಿ ಅರ್ಜಿಯ ಶುಲ್ಕ ಅಲ್ಪ. ಸಮನ್ಸ್ ದೋಷ ಸ್ಪಷ್ಟವಿದ್ದಾಗ ಮೊದಲು ರದ್ದತಿ ಅರ್ಜಿ ಹಾಕುವುದೇ ಮೇಲು. ಅದು ವಜಾ ಆದರೆ ಆ ಆದೇಶದ ಮೇಲೂ 43ನೇ ಆದೇಶದಡಿ ಅಪೀಲಿದೆ.

ಅವಧಿಯ ಲೆಕ್ಕ ಹೀಗೆ. ಕೈಸಾಲಕ್ಕೆ ಕೊಟ್ಟ ದಿನದಿಂದ 3 ವರ್ಷ, ಕೇಳಿದಾಗ ಕೊಡುವೆ ಎಂಬ ಪ್ರಾಮಿಸರಿ ನೋಟಿಗೆ ನೋಟಿನ ತಾರೀಕಿನಿಂದ 3 ವರ್ಷ. 2014ರ ಜೂನ್ 10ರ ನೋಟಿಗೆ 2018ರ ಫೆಬ್ರವರಿಯಲ್ಲಿ ದಾವೆ ಹೂಡಿದ್ದರೆ, ನಡುವೆ ಏನೂ ನಡೆದಿರದಿದ್ದಲ್ಲಿ, ಅದು ಕಾಲ ಮೀರಿದ ದಾವೆ. ಆದರೆ ಆ 3 ವರ್ಷದೊಳಗೆ ನೀವು ಸಾಲ ಒಪ್ಪಿ ಸಹಿ ಮಾಡಿದ್ದರೆ, ಅಥವಾ ಒಂದಷ್ಟು ಹಣ ಕಟ್ಟಿ ನೋಟಿನ ಹಿಂಬದಿ ಕೈಬರಹದಲ್ಲೋ ಸಹಿಯೊಂದಿಗೋ ಷರಾ ಹಾಕಿದ್ದರೆ, ಅಲ್ಲಿಂದ ಮತ್ತೆ 3 ವರ್ಷ ಶುರು. ಅದಕ್ಕೇ ನೋಟಿನ ಎರಡೂ ಬದಿ ಬೇಕೆಂದದ್ದು. ಹಿಂಬದಿಯ ಸಹಿ ನಿಮ್ಮದಲ್ಲದಿದ್ದರೆ ಕೈಬರಹ ತಜ್ಞರ ಪರೀಕ್ಷೆಗೆ ಕೇಳುವ ಪ್ರಶ್ನೆ ಬರುವುದು ಡಿಕ್ರಿ ರದ್ದಾಗಿ ಕೇಸು ಮತ್ತೆ ನಡೆಯುವಾಗ. 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಕಾಲವನ್ನು ಕೋವಿಡ್ ಕಾರಣಕ್ಕೆ ಸುಪ್ರೀಂ ಕೋರ್ಟು ಎಣಿಕೆಯಿಂದ ಬಿಟ್ಟಿರುವುದನ್ನು ಮರೆಯಬೇಡಿ. 2018ರ ಸಾಲಕ್ಕೆ 2022ರಲ್ಲಿ ಹೂಡಿದ ದಾವೆ ಮೇಲ್ನೋಟಕ್ಕೆ ತಡವೆನಿಸಿದರೂ ಅವಧಿಯೊಳಗೇ ಇರಬಹುದು. ಅಡಮಾನ ಸಾಲಕ್ಕೆ 12 ವರ್ಷ. ಡಿಕ್ರಿ ಜಾರಿಗೂ 12 ವರ್ಷ, ಸಾಲದ 3 ವರ್ಷದೊಂದಿಗೆ ಅದನ್ನು ಬೆರೆಸಬೇಡಿ.

ಈ ನಡುವೆ ಸಾಲ ಕೊಟ್ಟವರ ಕಡೆಯವರು ‘ಕೊಡುತ್ತೇನೆ ಅಂತ ಒಂದು ಚೀಟಿ ಬರೆದುಕೊಡಿ’ ಎಂದರೆ ಬರೆದುಕೊಡಬೇಡಿ. ಅವಧಿ ಮೀರಿದ ಸಾಲವನ್ನು ತೀರಿಸುತ್ತೇನೆಂದು ಸಹಿ ಮಾಡಿಕೊಟ್ಟ ಬರಹ, ಕರಾರು ಕಾಯ್ದೆಯ 25(3)ನೇ ಕಲಮಿನಂತೆ ಹೊಸ ಕರಾರೇ ಆಗುತ್ತದೆ.

ಡಿಕ್ರಿ ರದ್ದಾದ ಮೇಲೆ, ಆಗದಿದ್ದರೆ

ರದ್ದತಿ ಎಂದರೆ ಗೆಲುವಲ್ಲ, ಕೇಸು ಮತ್ತೆ ಮೊದಲಿನಿಂದ ನಡೆಯುತ್ತದೆ. ಕೋರ್ಟು ವಿಧಿಸಿದ ಖರ್ಚನ್ನು ಹೇಳಿದ ದಿನದೊಳಗೆ ಕಟ್ಟಿ, ಲಿಖಿತ ಹೇಳಿಕೆಯನ್ನು ತಡಮಾಡದೆ ಸಲ್ಲಿಸಿ, ಅಲ್ಲಿ ಕಾಲಮಿತಿಯ ತಕರಾರನ್ನು ಮೊದಲ ಪ್ಯಾರಾಗಳಲ್ಲೇ ಎತ್ತಿ. ತೀರಿಹೋದ ತಂದೆಯ ಸಾಲವಾದರೆ ನಿಮ್ಮ ಕೈಗೆ ಬಂದ ಅವರ ಆಸ್ತಿಯಷ್ಟಕ್ಕೇ ನಿಮ್ಮ ಹೊಣೆ ಎಂಬುದನ್ನೂ ಹೇಳಿ.

ವಕೀಲರ ಫೀಸು ಹೊಂದಿಸಲಾಗದವರು ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಬಹುದು. ಹೆಂಗಸರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.

ಯಾವ ಆಧಾರವೂ ಇಲ್ಲದಿದ್ದರೆ, ಸಾಲವೂ ನಿಜವಿದ್ದರೆ, ಮಾತುಕತೆಗೆ ಕೂರುವುದೇ ಲೇಸು. ಡಿಕ್ರಿದಾರರು ಒಪ್ಪಿದರೆ 20ನೇ ಆದೇಶದ 11ನೇ ನಿಯಮದಡಿ ಕಂತು ಮಾಡಿಸಿಕೊಳ್ಳಬಹುದು. ಹಣವನ್ನು ಸಾಧ್ಯವಾದಷ್ಟೂ ಕೋರ್ಟಿನಲ್ಲೇ ಕಟ್ಟಿ. ಹೊರಗೆ ಕೊಟ್ಟರೆ ಬ್ಯಾಂಕ್ ಮೂಲಕವೇ ಕೊಟ್ಟು, 30 ದಿನದೊಳಗೆ 21ನೇ ಆದೇಶದ 2ನೇ ನಿಯಮದಡಿ ಅದನ್ನು ಕೋರ್ಟಿನಲ್ಲಿ ದಾಖಲು ಮಾಡಿಸಿ. ದಾಖಲಾಗದ ಪಾವತಿಯನ್ನು ಅಮಲ್ಜಾರಿ ಕೋರ್ಟು ಲೆಕ್ಕಕ್ಕೇ ಹಿಡಿಯುವುದಿಲ್ಲ. ಪೂರ್ತಿ ತೀರಿಸಿದವರ ಮೇಲೂ ಅದೇ ಡಿಕ್ರಿಗೆ ಮತ್ತೆ ಜಪ್ತಿ ಬರುವುದು ಈ ಒಂದು ಅರ್ಜಿ ಹಾಕದೆ ಬಿಟ್ಟದ್ದರಿಂದ.